ರಿಪೇರಿಯಾದ ಮ್ಯಾಂಡೊಲಿನ್ನೇ ನನಗೆ ಬೇಕಿತ್ತು

ನನ್ನ ಮ್ಯಾಂಡೊಲಿನ್‌ಗೆ ನೂರು ವರ್ಷ ದಾಟಿದೆ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ 1917ರ ಸುಮಾರಿಗೆ ಗಿಬ್ಸನ್ ಕಂಪನಿ ಮಾಡಿದ್ದು. ಮಾದರಿಯ ಹೆಸರು ಬರೀ ‘ಎ’. ಮೇಲ್ಹಲಗೆಯಲ್ಲಿ ಒಂದು ಉದ್ದ ಬಿರುಕು ಬಿಟ್ಟಿತ್ತು, ಅದನ್ನು ಅಂಟಿಸಿದ ಗೆರೆ ಈಗಲೂ ಕಾಣುತ್ತದೆ. ಬಿರಡೆಗಳು ಮೂಲದವಲ್ಲ. ಯಾವ ಕಾಲದಲ್ಲೋ ಯಾರೋ ಮೈಯೆಲ್ಲ ಉಜ್ಜಿ ಹೊಸದಾಗಿ ವಾರ್ನಿಷ್ ಬಳಿದಿದ್ದಾರೆ. ಹಳೆ ವಾದ್ಯ ಸಂಗ್ರಹಿಸುವವರು ಇಂಥದ್ದನ್ನು ಒಮ್ಮೆ ನೋಡಿ ಮುಂದಕ್ಕೆ ಹೋಗುತ್ತಾರೆ. ನಾನು ಇಂಥದ್ದನ್ನೇ ಹುಡುಕಿಕೊಂಡು ಹೋಗಿದ್ದೆ.

ಇಲ್ಲಿನ ಕನ್ನಡ ಗೆಳೆಯರು ಈ ಮ್ಯಾಂಡೊಲಿನ್ ನೋಡಿದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಷ್ಟೇ ದುಡ್ಡಿಗೆ ಹೊಸದು ಬರುತ್ತಿರಲಿಲ್ವಾ? ಬರುತ್ತಿತ್ತು. ಆದರೂ ಹಳೆಯದನ್ನು ಯಾಕೆ ತಂದೆ, ಏನೇನು ನೋಡಿ ತಂದೆ ಎಂದು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು.

ನಾನು ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಪಿಟೀಲು ಕಲಿತದ್ದು. ಈಗ ಇರುವುದು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ. ಪಿಟೀಲು ಗೊತ್ತಿದ್ದವರಿಗೆ ಮ್ಯಾಂಡೊಲಿನ್ ಪರಕೀಯ ಅನ್ನಿಸುವುದಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಎರಡರ ಶ್ರುತಿಯೂ ಒಂದೇ: ಜಿ, ಡಿ, ಎ, ಇ. ತಂತಿಯ ಉದ್ದವೂ ಹತ್ತಿರಹತ್ತಿರ. ಪಿಟೀಲಿನದು ಸುಮಾರು 13 ಇಂಚು, ಗಿಬ್ಸನ್ ಮ್ಯಾಂಡೊಲಿನ್‌ದು ಸುಮಾರು 14. ಹಾಗಾಗಿ ಬೆರಳು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ದೊಡ್ಡ ವ್ಯತ್ಯಾಸ ಏನೆಂದರೆ ಮ್ಯಾಂಡೊಲಿನ್‌ಗೆ ಸ್ವರದ ಜಾಗ ತೋರಿಸುವ ಲೋಹದ ಮೆಟ್ಟಿಲುಗಳಿವೆ, ಕಮಾನು ಇಲ್ಲ, ಮತ್ತು ಪ್ರತಿ ತಂತಿಯೂ ಜೋಡಿ ತಂತಿ. ನಾಲ್ಕು ಜೋಡಿ, ಒಟ್ಟು ಎಂಟು. ಜೋಡಿ ಇದ್ದರೆ ಧ್ವನಿ ತುಂಬಿಕೊಂಡು ಬರುತ್ತದೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ನಮ್ಮ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡವರು, ಅಲ್ವಾ?

ಈಗ ಕಲಮಜೂ ವಿಷಯ. ಆರ್ವಿಲ್ ಗಿಬ್ಸನ್ ಎಂಬಾತ ಅಲ್ಲಿದ್ದ. ಅವನಿಗಿಂತ ಮೊದಲು ಮ್ಯಾಂಡೊಲಿನ್ ಅಂದರೆ ಇಟಲಿಯ ಮಾದರಿ. ತೆಳು ಮರದ ಪಟ್ಟಿಗಳನ್ನು ಬಗ್ಗಿಸಿ, ಒಂದಕ್ಕೊಂದು ಅಂಟಿಸಿ ಮಾಡಿದ ಗುಂಡು ಬೆನ್ನು, ಮೇಲೊಂದು ಹಲಗೆ. ಗಿಬ್ಸನ್ ಆ ದಾರಿ ಬಿಟ್ಟು ಪಿಟೀಲಿನ ದಾರಿ ಹಿಡಿದ. ಗಟ್ಟಿ ಮರವನ್ನೇ ಕೆತ್ತಿ, ಮೇಲೆ ಕೆಳಗೆ ಎರಡೂ ಕಡೆ ಸಣ್ಣಗೆ ಉಬ್ಬಿದ ಹಲಗೆ ಮಾಡಿದ. 1898ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1902ರಲ್ಲಿ ಕಲಮಜೂದ ಕೆಲವು ವ್ಯಾಪಾರಸ್ಥರು ಅವನ ಹೆಸರಿನಲ್ಲಿ ಕಂಪನಿ ಶುರು ಮಾಡಿದರು. ಅದು ಅಮೆರಿಕದಲ್ಲಿ ಮ್ಯಾಂಡೊಲಿನ್ ಹುಚ್ಚು ಹಬ್ಬಿದ್ದ ಕಾಲ. ಊರೂರಲ್ಲಿ ಮ್ಯಾಂಡೊಲಿನ್ ವಾದ್ಯವೃಂದಗಳಿದ್ದವು. ಗಿಬ್ಸನ್ ಕಂಪನಿ ಸಂಗೀತ ಮೇಷ್ಟರುಗಳನ್ನೇ ಏಜೆಂಟರನ್ನಾಗಿ ಮಾಡಿಕೊಂಡಿತು. ಮೇಷ್ಟ್ರು ಪಾಠ ಹೇಳುತ್ತಿದ್ದರು, ವಾದ್ಯವನ್ನೂ ಕೊಡಿಸುತ್ತಿದ್ದರು. ಕಂತಿನಲ್ಲಿ ಹಣ ಕಟ್ಟಿದರೂ ಆಗುತ್ತಿತ್ತು. 1917ರಲ್ಲಿ ಪಾರ್ಸನ್ಸ್ ಬೀದಿಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ನನ್ನದು ಆ ಹೊಸ ಕಟ್ಟಡದಿಂದ ಬಂತೋ, ಅದರ ಹಿಂದಿನ ಜಾಗದಿಂದ ಬಂತೋ ಎಂದು ಯೋಚಿಸುವುದೇ ನನಗೊಂದು ಖುಷಿ. 1984ರಲ್ಲಿ ಗಿಬ್ಸನ್ ಕಲಮಜೂ ಬಿಟ್ಟು ಟೆನೆಸಿಗೆ ಹೋಯಿತು. ಹೋಗಲು ಒಪ್ಪದ ಕೆಲವು ಕೆಲಸಗಾರರು ಮರುವರ್ಷ ಅದೇ ಕಟ್ಟಡದಲ್ಲಿ ಹೆರಿಟೇಜ್ ಎಂಬ ಗಿಟಾರ್ ಕಂಪನಿ ಕಟ್ಟಿದರು.

1920ರ ದಶಕದಲ್ಲಿ ಜನರ ಕಿವಿ ಜಾಝ್ ಕಡೆ, ಬ್ಯಾಂಜೊ ಕಡೆ ತಿರುಗಿತು. ಮ್ಯಾಂಡೊಲಿನ್‌ಗಳು ಅಟ್ಟ ಸೇರಿದವು. ಹೀಗೆ ಅಟ್ಟ ಸೇರಿದವುಗಳಲ್ಲಿ ಸಾದಾ ಎ ಮಾದರಿಯವು ಸಾವಿರಗಟ್ಟಲೆ. ಅದಕ್ಕೇ ಇವತ್ತಿಗೂ ಅವು ನಮ್ಮಂಥವರ ಕೈಗೆ ಎಟುಕುವ ಬೆಲೆಗೆ ಸಿಗುತ್ತವೆ.

ಎಫ್-5 ಎಂಬ ಮಾದರಿಯ ಕಥೆ ಬೇರೆ. 1922ರಲ್ಲಿ ಗಿಬ್ಸನ್‌ನಲ್ಲಿದ್ದ ಲಾಯ್ಡ್ ಲೋರ್ ಅದನ್ನು ರೂಪಿಸಿದ. ಮೊಟ್ಟೆಯಾಕಾರದ ರಂಧ್ರದ ಬದಲು ಪಿಟೀಲಿನ ಹಾಗೆ ಎರಡು ಸೀಳು, ಭುಜದ ಹತ್ತಿರ ಸುರುಳಿ. ಒಳಗೆ ಲೋರ್ ಸಹಿ ಇರುವ ಎಫ್-5 ಇವತ್ತು ಲಕ್ಷ ಡಾಲರ್ ದಾಟುತ್ತದೆ. ಅಮೆರಿಕದ ಹೆಸರಾಂತ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೊ ನುಡಿಸುತ್ತಿದ್ದದ್ದು 1923ರ ಅಂಥದ್ದೇ ಒಂದು. 1940ರ ದಶಕದಲ್ಲಿ ಫ್ಲೋರಿಡಾದ ಮಯಾಮಿಯ ಒಂದು ಕ್ಷೌರದಂಗಡಿಯಲ್ಲಿ ಅದನ್ನು ನೋಡಿ 150 ಡಾಲರಿಗೆ ಕೊಂಡರು. ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತವೇ ಅದರ ಸುತ್ತ ಬೆಳೆಯಿತು.

ನನಗೆ ಮುಖ್ಯ ಆಗಿದ್ದು ಅದರ ಮುಂದಿನ ಕಥೆ. 1985ರಲ್ಲಿ ಯಾರೋ ಮನ್ರೊ ಮನೆಗೆ ನುಗ್ಗಿ ಆ ಮ್ಯಾಂಡೊಲಿನ್ ಅನ್ನು ಕಬ್ಬಿಣದ ಸಲಾಕೆಯಿಂದ ಒಡೆದು ಹಾಕಿದರು. ಚೂರುಗಳನ್ನೆಲ್ಲ ಗಿಬ್ಸನ್ ಕಂಪನಿಗೆ ಒಯ್ದರು. ಚಾರ್ಲಿ ಡೆರಿಂಗ್ಟನ್ ಎಂಬ ಕುಶಲಕರ್ಮಿ ತಿಂಗಳುಗಟ್ಟಲೆ ಕೂತು ಒಂದೊಂದೇ ಚೂರು ಹೊಂದಿಸಿ ಅಂಟಿಸಿದರು. ಮನ್ರೊ ಮತ್ತೆ ಅದನ್ನೇ ನುಡಿಸಿದರು. ಈಗ ಅದು ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿದೆ. ಲೋಕದ ಅತಿ ಹೆಸರಾದ ಮ್ಯಾಂಡೊಲಿನ್ನೇ ರಿಪೇರಿಯಾದದ್ದು! ಹಾಗಿದ್ದ ಮೇಲೆ ಒಂದು ಬಿರುಕಿನ ಗೆರೆ ನೋಡಿ ನಾನು ಯಾಕೆ ಹೆದರಬೇಕು?

ಹಳೆ ವಾದ್ಯಗಳ ಮಾರುಕಟ್ಟೆ ಎರಡು ಬೇರೆ ಬೇರೆ ವಿಷಯಗಳಿಗೆ ಬೆಲೆ ಕಟ್ಟುತ್ತದೆ. ಒಂದು ನಾದ. ಇನ್ನೊಂದು ‘ಮೂಲದ್ದು’ ಎನ್ನುವ ಗುಣ. ಮೂಲ ವಾರ್ನಿಷ್, ಮೂಲ ಬಿರಡೆ, ಮೂಲ ಪೆಟ್ಟಿಗೆ, ಮೂಲ ತಿರುಪು ಕೂಡ. ವಾರ್ನಿಷ್ ಒಂದನ್ನು ಬದಲಾಯಿಸಿದರೂ ಸಾಕು, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವ್ಯಾಪಾರದ ಸಾಮಾನ್ಯ ಲೆಕ್ಕ. ನಾದ ಅರ್ಧಕ್ಕೆ ಇಳಿಯುವುದಿಲ್ಲ. ನುಡಿಸುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೇನು ಬೇಕು? ಕಪಾಟಿನಲ್ಲಿಡುವವರು ಬೇಡ ಅಂದದ್ದನ್ನು ನಾವು ತಂದು ನುಡಿಸಬಹುದು.

ಅಂಗಡಿಯ ಆಯ್ಕೆಯಲ್ಲಿ ನನಗೆ ಯೋಚನೆಯೇ ಬರಲಿಲ್ಲ. ನಮ್ಮ ಮನೆಯಿಂದ ಐ-96 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಗಂಟೆ ಸುಮಾರಿಗೆ ಲ್ಯಾನ್ಸಿಂಗ್. ಅಲ್ಲಿನ ಓಲ್ಡ್ ಟೌನ್‌ನಲ್ಲಿ ಎಲ್ಡರ್ಲಿ ಇನ್‌ಸ್ಟ್ರುಮೆಂಟ್ಸ್ ಇದೆ. 1972ರಲ್ಲಿ ಶುರುವಾದ ಅಂಗಡಿ. ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್ ಎಂದು ತಂತಿವಾದ್ಯಗಳ ಲೋಕದಲ್ಲಿ ಅದರ ಹೆಸರು ಗೊತ್ತಿಲ್ಲದವರು ಕಮ್ಮಿ. ಹಳೆಯದನ್ನು ಕೊಂಡು, ತಮ್ಮದೇ ರಿಪೇರಿ ವಿಭಾಗದಲ್ಲಿ ಸರಿಪಡಿಸಿ ಮಾರುತ್ತಾರೆ. ಇದು ದೊಡ್ಡ ಅನುಕೂಲ. ಏನೇನು ಬದಲಾಗಿದೆ, ಎಲ್ಲಿ ಅಂಟು ಹಾಕಿದೆ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ನಮ್ಮ ಗೆಳೆಯರೊಬ್ಬರು ಯಾವುದೋ ಆನ್‌ಲೈನ್ ಹರಾಜಿನಲ್ಲಿ ಫೋಟೊ ನೋಡಿ ಒಂದು ಹಳೆ ಮ್ಯಾಂಡೊಲಿನ್ ತರಿಸಿದ್ದರು. ಬಂದಾಗ ಮೇಲ್ಹಲಗೆಗೆ ಆಸರೆಯಾಗಿ ಒಳಗೆ ಅಂಟಿಸಿರುವ ತೊಲೆ ಕಳಚಿ ಲೊಟಲೊಟ ಅನ್ನುತ್ತಿತ್ತು. ಅದನ್ನು ಮಾರಿದವರಿಗೆ ವಾದ್ಯದ ಬಗ್ಗೆ ಏನೂ ಗೊತ್ತಿರಲಿಲ್ಲವಂತೆ. ಹಾಗಾಗಿ ನೂರು ಡಾಲರ್ ಜಾಸ್ತಿಯಾದರೂ ಪರವಾಗಿಲ್ಲ, ವಾದ್ಯ ಬಿಚ್ಚಿ ನೋಡಿದವರ ಕೈಯಿಂದ ಕೊಳ್ಳಿ ಎನ್ನುವುದು ನನ್ನ ಮಾತು.

ಅಂಗಡಿಯಲ್ಲಿ ಎರಡು ಗಿಬ್ಸನ್‌ಗಳು ನನ್ನ ಮುಂದೆ ಬಂದವು. ಒಂದು ಕಪ್ಪು ಮೇಲ್ಮೈಯ ಎ-4, ಅಂದರೆ ಎ ಸಾಲಿನಲ್ಲಿ ಆಗಿನ ಅತಿ ಮೇಲಿನ ದರ್ಜೆ. ಎಲ್ಲವೂ ಮೂಲದ್ದು, ನೋಡಿದರೆ ಕಣ್ಣು ಕೀಳಲಾಗದಷ್ಟು ಚೆಂದ. ಇನ್ನೊಂದು ಈಗ ನನ್ನ ಹತ್ತಿರ ಇರುವ ಸಾದಾ ಎ. ಬೆಲೆ ಸಾವಿರ ಡಾಲರಿಗೆ ಸ್ವಲ್ಪ ಮೇಲೆ. ಎ-4 ಬೆಲೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಎರಡರದ್ದೂ ಅಳತೆ ಒಂದೇ, ಕೆತ್ತನೆ ಒಂದೇ, ಮೇಲ್ಹಲಗೆ ಸ್ಪ್ರೂಸ್ ಮರದ್ದೇ. ದರ್ಜೆ ಏರಿದಂತೆ ಜಾಸ್ತಿಯಾಗುತ್ತಿದ್ದದ್ದು ಮುಖ್ಯವಾಗಿ ಅಲಂಕಾರ: ಅಂಚಿನ ಪಟ್ಟಿ, ತಲೆಯ ಮೇಲಿನ ಚಿಪ್ಪಿನ ಕೆಲಸ, ಬಣ್ಣ. ಗಿಬ್ಸನ್ ಎ ಕೊಳ್ಳುವವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಕೊಳ್ಳುವ ಮುಂಚೆ ದನದ ಜಾತ್ರೆಯಲ್ಲಿ ಹಲ್ಲು ನೋಡುವ ಹಾಗೆ ನೋಡಬೇಕು. ಸಂಕೋಚ ಬೇಡ, ಒಳ್ಳೆ ಅಂಗಡಿಯವರು ಅದನ್ನು ಇಷ್ಟಪಡುತ್ತಾರೆ. ನಾನು ಮೊದಲು ನೋಡಿದ್ದು ಮೇಲ್ಹಲಗೆಯ ಉಬ್ಬು. ಎಂಟು ತಂತಿಗಳ ಬಿಗಿತ ಒಟ್ಟು ಸೇರಿದರೆ 60 ಕಿಲೋ ಮೀರುತ್ತದೆ. ಅದರಲ್ಲಿ ಒಂದು ಪಾಲು ಕುದುರೆಯ ಮೂಲಕ, ಅಂದರೆ ತಂತಿಗಳ ಅಡಿ ನಿಲ್ಲುವ ಮರದ ತುಂಡಿನ ಮೂಲಕ, ಹಲಗೆಯನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ. ನೂರು ವರ್ಷ ಒತ್ತಿಸಿಕೊಂಡ ಹಲಗೆ ಕುಸಿಯುವುದು ಸಹಜ. ಬೆಳಕು ಪಕ್ಕದಿಂದ ಬೀಳುವ ಹಾಗೆ ವಾದ್ಯವನ್ನು ಓರೆಯಾಗಿ ಹಿಡಿದು, ಕುದುರೆಯ ಅಡಿಯಿಂದ ರಂಧ್ರದವರೆಗೆ ನೋಡಿದರೆ ಕುಸಿತ ಗೊತ್ತಾಗುತ್ತದೆ. ಸ್ವಲ್ಪ ಇದ್ದು ಅಲ್ಲೇ ನಿಂತಿದ್ದರೆ ತೊಂದರೆಯಿಲ್ಲ. ಹಳ್ಳವೇ ಬಿದ್ದಿದ್ದರೆ ಬೇಡ. ಆಮೇಲೆ ಸಣ್ಣ ಕನ್ನಡಿ ಮತ್ತು ಟಾರ್ಚ್ ಕೇಳಿ ಪಡೆದೆ. ಈ ಮಾದರಿಯಲ್ಲಿ ರಂಧ್ರದ ಕೆಳಗೆ ಅಡ್ಡಲಾಗಿ ಒಂದೇ ಒಂದು ತೊಲೆ ಇರುತ್ತದೆ. ಅದು ಹಲಗೆಗೆ ಪೂರ್ತಿ ಅಂಟಿಕೊಂಡಿದೆಯಾ ನೋಡಬೇಕು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೂ ಸಾಕು, ಬಿಟ್ಟುಕೊಂಡ ಕಡೆ ಗರಗರ ಎನ್ನುತ್ತದೆ. ನನ್ನದರ ಬಿರುಕಿನ ಅಡಿ ಒಳಗಿನಿಂದ ಸಣ್ಣ ಸಣ್ಣ ಮರದ ಬಿಲ್ಲೆಗಳನ್ನು ಅಂಟಿಸಿದ್ದು ಕನ್ನಡಿಯಲ್ಲಿ ಕಂಡಿತು. ಅಚ್ಚುಕಟ್ಟಾದ ಕೆಲಸ. ಮಾಡಿದವರು ಯಾರೋ, ಅವರ ಕೈಗೆ ನಮಸ್ಕಾರ.

ದಂಡಿಯ, ಅಂದರೆ ಬೆರಳು ಓಡಾಡುವ ಉದ್ದ ಕತ್ತಿನ, ವಿಷಯದಲ್ಲಿ ಮಾತ್ರ ನಾನು ಬಹಳ ಗಟ್ಟಿ. ಗಿಬ್ಸನ್‌ನವರು ದಂಡಿಯೊಳಗೆ ಬಗ್ಗು ಸರಿಪಡಿಸುವ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ಹಾಕಲು ಶುರು ಮಾಡಿದ್ದು 1920ರ ದಶಕದ ಮೊದಲಲ್ಲಿ. ಅದಕ್ಕಿಂತ ಹಳೆಯದರಲ್ಲಿ ದಂಡಿ ಬಗ್ಗಿದ್ದರೆ ತಿರುಪು ತಿರುಗಿಸಿ ನೆಟ್ಟಗೆ ಮಾಡಲು ಆಗುವುದಿಲ್ಲ. ಮೆಟ್ಟಿಲೆಲ್ಲ ಕಿತ್ತು ದಂಡಿಯ ಮೇಲಿನ ಹಲಗೆ ಹೆರೆಯಬೇಕು, ಇಲ್ಲವೇ ಕಾಯಿಸಿ ಒತ್ತಬೇಕು. ಎರಡೂ ದುಬಾರಿ. ಪರೀಕ್ಷೆ ಸುಲಭ. ತಂತಿಯನ್ನು ಮೊದಲನೇ ಮೆಟ್ಟಿಲಲ್ಲೂ ಕೊನೆಯ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ ತಂತಿಗೂ ಮೆಟ್ಟಿಲಿಗೂ ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ವಾದ್ಯ ಎಷ್ಟೇ ಚೆಂದ ಇದ್ದರೂ ವಾಪಸ್ ಕೊಟ್ಟುಬಿಡಿ.

ಕೆಲವು ದೋಷಗಳು ಕಾಣಲು ದೊಡ್ಡವು, ಸರಿಪಡಿಸಲು ಸಣ್ಣವು. ಉದಾಹರಣೆಗೆ ಮೇಲಿನ ಸ್ವರಗಳು ಅಪಶ್ರುತಿ ಬಂದರೆ ಗಾಬರಿ ಬೇಡ. ಮ್ಯಾಂಡೊಲಿನ್‌ನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ಅದು ನಿಂತಿರುತ್ತದೆ. ಯಾರೋ ಸರಿಸಿರುತ್ತಾರೆ ಅಷ್ಟೆ. 12ನೇ ಮೆಟ್ಟಿಲಲ್ಲಿ ಒತ್ತಿದಾಗ ಬರುವ ಸ್ವರ ಬಿಟ್ಟ ತಂತಿಯ ಸರಿಯಾದ ಮೇಲಿನ ಷಡ್ಜ ಆಗುವವರೆಗೆ ಕುದುರೆಯನ್ನು ಹಿಂದೆ ಮುಂದೆ ಜರುಗಿಸಿದರೆ ಆಯಿತು. ನಮ್ಮ ಕಿವಿಗೆ ಅದು ಎರಡು ನಿಮಿಷದ ಕೆಲಸ. ಬಿರಡೆ ಬಿಗಿಯಾಗಿದ್ದರೆ ಒಂದು ಹನಿ ಎಣ್ಣೆ ಸಾಕು, ತೀರಾ ಹಾಳಾಗಿದ್ದರೆ ಅದೇ ಅಳತೆಯ ಹೊಸದು ಸಿಗುತ್ತದೆ. ಆದರೆ ಕೈ ತಾಗದಂತೆ ಹಾಕಿರುವ ಹಳೆ ಪಿಕ್‌ಗಾರ್ಡ್ ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್‌ನದ್ದಾಗಿದ್ದು, ಪುಡಿಯಾಗುತ್ತಾ ಹುಳಿ ವಾಸನೆ ಬರುತ್ತಿದ್ದರೆ ಅದನ್ನು ಬಿಚ್ಚಿ ಬೇರೆಯಾಗಿ ಇಡಿ. ಅದರಿಂದ ಬರುವ ಆವಿ ತಂತಿಯನ್ನೂ ಲೋಹವನ್ನೂ ತಿನ್ನುತ್ತದೆ.

ಗುಂಡು ಬೆನ್ನಿನ ಹಳೆ ಮ್ಯಾಂಡೊಲಿನ್‌ಗಳು ಇಲ್ಲಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಚಿಪ್ಪಿನ ಕೆಲಸ ನೋಡಿ ಮನಸ್ಸು ಜಾರುತ್ತದೆ. ಷಿಕಾಗೊದ ಲಯನ್ ಅಂಡ್ ಹೀಲಿಯಂಥ ಕಂಪನಿಗಳು ರಾಶಿ ರಾಶಿ ಮಾಡಿದ್ದವು. ಅವುಗಳಲ್ಲಿ ಉತ್ತಮವಾದವೂ ಇವೆ, ಆದರೆ ಅವು ತೀರಾ ತೆಳು ತಂತಿಗೆಂದು ಕಟ್ಟಿದವು. ಇವತ್ತಿನ ಸಾಮಾನ್ಯ ತಂತಿ ಹಾಕಿದರೆ ಹಲಗೆಯೇ ಮುರಿಯಬಹುದು. ಕಲಿಯಲು ಹೊರಟವರು ಅದರಿಂದ ಶುರು ಮಾಡುವುದು ಬೇಡ. ಅದಕ್ಕಿಂತ ಹೊಸ ಈಸ್ಟ್‌ಮನ್ ಎಷ್ಟೋ ಮೇಲು. ಚೀನಾದಲ್ಲಿ ಗಟ್ಟಿ ಮರ ಕೆತ್ತಿಯೇ ಮಾಡುತ್ತಾರೆ, ಬೆಲೆಗೆ ತಕ್ಕ ನಾದ ಖಂಡಿತ ಇದೆ.

ಎರಡೂ ಗಿಬ್ಸನ್‌ಗಳನ್ನು ಒಂದಾದ ಮೇಲೊಂದು ನುಡಿಸಿದೆ. ಜೊತೆಗೆ ಬಂದಿದ್ದ ಮಗಳನ್ನು ಎದುರಿನ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂರಿಸಿ, ಯಾವುದು ಚೆನ್ನ ಹೇಳು ಅಂದೆ. ಮೊಟ್ಟೆಯಾಕಾರದ ರಂಧ್ರದ ಗಿಬ್ಸನ್‌ಗೆ ಎಫ್-5ನ ಕಡಕ್ ಏಟು ಇಲ್ಲ. ನಾದ ದಪ್ಪ, ಮೆದು, ಬಿಟ್ಟ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬ್ಲೂಗ್ರಾಸ್ ಗುಂಪಿನಲ್ಲಿ ತಾಳ ಕತ್ತರಿಸಲು ಅದು ಸಾಲದು ಅನ್ನುತ್ತಾರೆ. ನನಗೆ ಬೇಕಾದದ್ದು ಆ ಉಳಿಯುವ ನಾದವೇ, ಏಕೆಂದರೆ ಜಾರು ಎಳೆಯುವಾಗ ಸ್ವರ ಸತ್ತುಹೋಗಬಾರದು. ಎ-4ನ ಮಂದ್ರ ಒಂದು ತೂಕ ಜಾಸ್ತಿ ಇತ್ತು. ಸಾದಾ ಎ ಮಧ್ಯದ ಎರಡು ಜೋಡಿಯಲ್ಲಿ ಹಾಡಿದ ಹಾಗೆ ಕೇಳಿತು. ಮಗಳು ಎರಡನೆಯದು ಅಂದಳು. ಎರಡನೆಯದು ಸಾದಾ ಎ.

ಒಳಗೆ ರಂಧ್ರದಲ್ಲಿ ಇಣುಕಿದರೆ ಲೇಬಲ್ ಮೇಲೆ ಕೈಯಲ್ಲಿ ಬರೆದ ಕ್ರಮಸಂಖ್ಯೆ ಇದೆ. ದಂಡಿ ಸೇರುವ ಮರದ ತುಂಡಿನ ಮೇಲೆ ಕಾರ್ಖಾನೆಯ ಇನ್ನೊಂದು ಸಂಖ್ಯೆ ಒತ್ತಿದ್ದಾರೆ. ಎರಡನ್ನೂ ಹೊಂದಿಸಿ ವರ್ಷ ಅಂದಾಜು ಮಾಡುತ್ತಾರೆ. ಅದಕ್ಕೇ ನಾನು ‘ಸುಮಾರು’ ಅಂದದ್ದು.

ಮನೆಗೆ ತಂದ ಮೇಲೆ ಮೊದಲು ಮಾಡಿದ ಕೆಲಸ ಶ್ರುತಿ ಬದಲಾಯಿಸಿದ್ದು. ನಮ್ಮ ಪಿಟೀಲಿನ ಶ್ರುತಿ ಸ ಪ ಸ ಪ, ಅಲ್ವಾ. ಜಿ ಮತ್ತು ಡಿ ಹಾಗೇ ಬಿಟ್ಟು, ಎ ಜೋಡಿಯನ್ನು ಜಿಗೆ, ಇ ಜೋಡಿಯನ್ನು ಡಿಗೆ ಇಳಿಸಿದರೆ ಅದೇ ಸಿಗುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಒಂದು ಪೂರ್ಣ ಸ್ವರ ಇಳಿಸಿದಾಗ ಆ ತಂತಿಗಳ ಬಿಗಿತ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ. ಹಳೆಯ ಹಲಗೆಗೆ ಅಷ್ಟು ಹೊರೆ ಇಳಿಯಿತು, ನನ್ನ ಬೆರಳಿಗೂ ಗಮಕ ಎಳೆಯಲು ಸುಲಭವಾಯಿತು. ತಂತಿ ಕೂಡ ತೆಳುವಾದ ಸೆಟ್ಟೇ ಹಾಕಿದ್ದೇನೆ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ 10ರಿಂದ 38ರ ದಪ್ಪದ್ದು. 11ರಿಂದ 40ರ ದಪ್ಪ ಸೆಟ್ಟು ಇಂಥ ಹಳೆಯದಕ್ಕೆ ಬೇಡ.

ಜೋಡಿ ತಂತಿಯಲ್ಲಿ ಕರ್ನಾಟಕ ಸಂಗೀತ ಸುಲಭ ಅಂತ ನಾನು ಹೇಳುವುದಿಲ್ಲ. ತಂತಿ ಎಳೆದಾಗ ಎರಡೂ ಒಂದೇ ಅಳತೆಯಲ್ಲಿ ಏರಬೇಕು, ಸ್ವಲ್ಪ ತಪ್ಪಿದರೂ ಜೋಡಿ ಒಡೆದು ಕೇಳುತ್ತದೆ. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಇದಕ್ಕೆ ಕಂಡುಕೊಂಡ ದಾರಿ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಜೋಡಿ ತೆಗೆದು ಒಂಟಿ ತಂತಿ ಮಾಡಿ, ನಾದವನ್ನು ವಿದ್ಯುತ್ತಿನಿಂದ ಉಳಿಸಿಕೊಂಡು, ಹುಡುಗನಾಗಿದ್ದಾಗಲೇ ದೊಡ್ಡ ದೊಡ್ಡ ವಿದ್ವಾಂಸರನ್ನು ಒಪ್ಪಿಸಿದರು. 2014ರಲ್ಲಿ ಅವರು ಹೋದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವರ ದಾರಿ ಅವರಿಗೇ ಸರಿ. ನಾನು ಈ ಹಳೆ ಮರದಲ್ಲಿ ತುಂಬಾ ಗಮಕ ಬೇಡುವ ತೋಡಿ ರಾಗದ ಗಾಂಧಾರಕ್ಕೆ ಕೈ ಹಾಕುವುದಿಲ್ಲ. ಮೋಹನ, ಹಂಸಧ್ವನಿ, ಶಂಕರಾಭರಣ ಇದಕ್ಕೆ ಒಗ್ಗುತ್ತವೆ. ಮಗಳಿಗೆ ಮಲಹರಿಯ ಪಿಳ್ಳಾರಿ ಗೀತೆಗಳನ್ನು ಇದರಲ್ಲೇ ಹೇಳಿಕೊಡುತ್ತಿದ್ದೇನೆ. ಭಾವಗೀತೆಗಂತೂ ಇದು ಹೇಳಿ ಮಾಡಿಸಿದ್ದು. ಆಕಾಶವಾಣಿಯ ಸುಗಮ ಸಂಗೀತ ಕೇಳಿ ಬೆಳೆದವರಿಗೆ ಮ್ಯಾಂಡೊಲಿನ್ ಧ್ವನಿ ಕೊಳಲಿನಷ್ಟೇ ಹತ್ತಿರ.

ಮಿಷಿಗನ್ ಚಳಿಗಾಲವೇ ಇದರ ದೊಡ್ಡ ಶತ್ರು. ಹೀಟರ್ ಓಡುವ ಮನೆಯಲ್ಲಿ ಗಾಳಿ ಒಣಗಿ ಮರ ಕುಗ್ಗುತ್ತದೆ, ಹಳೆ ಬಿರುಕು ಬಾಯಿ ಬಿಡುವುದು ಆಗಲೇ. ಪೆಟ್ಟಿಗೆಯೊಳಗೆ ತೇವ ಕೊಡುವ ಸಣ್ಣ ಡಬ್ಬಿ ಇಟ್ಟು, ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಗೋಡೆಗೆ ತೂಗುಹಾಕುವುದಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಮ್ಯಾಂಡೊಲಿನ್ ನೋಡುತ್ತಿರುವವರಿಗೂ ನಾನು ಹೇಳುವುದು ಇದನ್ನೇ. ಕಂಪನಿ ಯಾವುದೇ ಇರಲಿ, ಹಲಗೆ ಕುಸಿದಿದೆಯಾ, ದಂಡಿ ನೆಟ್ಟಗಿದೆಯಾ, ತೊಲೆ ಗಟ್ಟಿಯಾಗಿದೆಯಾ ನೋಡಿ. ಮೈಮೇಲಿನ ಗೀರುಗಳನ್ನು ಬಿಟ್ಟುಬಿಡಿ. ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನುಡಿಸಲು ಬಿಡದಿದ್ದರೆ ಅಲ್ಲಿ ಕೊಳ್ಳಬೇಡಿ.

ನನ್ನದಕ್ಕೆ ಇನ್ನೊಂದು ಕೆಲಸ ಬಾಕಿ ಇದೆ. ಮೇಲಿನ ಕೆಲವು ಮೆಟ್ಟಿಲುಗಳು ಸವೆದಿವೆ. ಆ ಕಾಲದ ಗಿಬ್ಸನ್ ಮೆಟ್ಟಿಲುಗಳು ಮೊದಲೇ ಸಣ್ಣವು, ಉಜ್ಜಲು ಜಾಸ್ತಿ ಉಳಿದಿಲ್ಲ. ಈ ಸಲ ಊರಿಗೆ ಬರುವಾಗ ತಂತಿ ಸ್ವಲ್ಪ ಸಡಿಲ ಮಾಡಿ ವಿಮಾನದಲ್ಲಿ ಕೈಯಲ್ಲೇ ತರುತ್ತೇನೆ. ಮೈಸೂರು ಕಡೆ ಮ್ಯಾಂಡೊಲಿನ್‌ಗೆ ಹೊಸ ಮೆಟ್ಟಿಲು ಕೂರಿಸಿ ಅನುಭವ ಇರುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಅವರ ಹತ್ತಿರವೇ ಮಾಡಿಸಬೇಕು ಅಂತಿದ್ದೇನೆ.